ಏಣಿಯ ಮೆಟ್ಟಿಲು, ಒಳಗಿನ ಅಳತೆಗೋಲು: ಯೋಗಕ್ಷೇಮದ ಮಾಪನ ಕುರಿತು ಒಂದು ಟಿಪ್ಪಣಿ

1962ರ ಆಸುಪಾಸಿನಲ್ಲಿ ಭಾರತೀಯರು ತಮ್ಮ ಬದುಕಿಗೆ ಹತ್ತಕ್ಕೆ ಸರಾಸರಿ 3.7 ಅಂಕ ಕೊಟ್ಟುಕೊಂಡರು. ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ ಹಲವು ದೇಶಗಳಲ್ಲಿ ನಡೆಸಿ 1965ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಸಮೀಕ್ಷೆಯ ಅಂಕಿ ಇದು. ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ 1974ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನು ಮತ್ತೆ ಬಳಸಿಕೊಂಡರು. ಅಮೆರಿಕ 6.6, ಕ್ಯೂಬಾ 6.4, ಈಜಿಪ್ಟ್ 5.5, ಜಪಾನ್ 5.2, ನೈಜೀರಿಯ 4.8. ಈಸ್ಟರ್ಲಿನ್ ಕೊಟ್ಟ ಹದಿನಾಲ್ಕು ದೇಶಗಳ ಪಟ್ಟಿಯಲ್ಲಿ ನಮಗಿಂತ ಕೆಳಗಿದ್ದದ್ದು ಡೊಮಿನಿಕನ್ ಗಣರಾಜ್ಯ ಒಂದೇ, 1.6.

2025ರ ವಿಶ್ವ ಸಂತೋಷ ವರದಿಯಲ್ಲಿ ಭಾರತದ ಅಂಕ 4.389, ಸ್ಥಾನ 147 ದೇಶಗಳಲ್ಲಿ 118. ಕೇಳುವ ಪ್ರಶ್ನೆ ಕ್ಯಾಂಟ್ರಿಲ್‌ರದೇ: ಬದುಕನ್ನು ಒಂದು ಏಣಿ ಎಂದುಕೊಂಡರೆ ನೀವು ಹತ್ತರಲ್ಲಿ ಎಷ್ಟನೆಯ ಮೆಟ್ಟಿಲಲ್ಲಿದ್ದೀರಿ ಎಂಬುದು. ಈ ಅರವತ್ತು ಚಿಲ್ಲರೆ ವರ್ಷಗಳಲ್ಲಿ ಐವತ್ತಕ್ಕೂ ಕಡಿಮೆಯಿದ್ದ ಭಾರತೀಯರ ಸರಾಸರಿ ಆಯಸ್ಸು ಎಪ್ಪತ್ತರ ಆಸುಪಾಸಿಗೆ ಬಂದಿದೆ. ಸಿಡುಬು ಹೋಗಿದೆ, ಪೋಲಿಯೊ ಹೋಗಿದೆ, ಕಂದೀಲು ಇದ್ದ ಮನೆಗಳಿಗೆ ವಿದ್ಯುತ್ ಬಂದಿದೆ. ಏಣಿಯ ಮೇಲೆ ಇದರ ಬೆಲೆ ಮುಕ್ಕಾಲು ಮೆಟ್ಟಿಲೂ ಇಲ್ಲ. ಇನ್ನೊಂದು ಸಂಗತಿ: 2008–12ರ ಸರಾಸರಿಗೆ ಹೋಲಿಸಿದರೆ 2017–19ರ ಹೊತ್ತಿಗೆ ಭಾರತದ ಅಂಕ ಒಂದು ಮೆಟ್ಟಿಲಿಗೂ ಹೆಚ್ಚು ಕುಸಿದಿತ್ತು, ತಲಾ ಆದಾಯ ಅದೇ ಅವಧಿಯಲ್ಲಿ ಏರುತ್ತಲೇ ಇತ್ತು. ವರದಿ ಬಂದ ದಿನ ಪಾಕಿಸ್ತಾನ ನಮಗಿಂತ ಮೇಲಿದೆ, ನೇಪಾಳ ಇನ್ನೂ ಮೇಲಿದೆ ಎಂದು ಪತ್ರಿಕೆಗಳು ಬರೆಯುತ್ತವೆ. ಒಂದು ಪಕ್ಷ ಸರ್ಕಾರವನ್ನು ಬಯ್ಯುತ್ತದೆ, ಇನ್ನೊಂದು ವರದಿಯನ್ನೇ ಬಯ್ಯುತ್ತದೆ. ಏರಿಳಿದದ್ದು ಜನರ ಬದುಕೋ, ಆ ಬದುಕನ್ನು ಅಳೆಯುವ ಅವರ ಒಳಗಿನ ಗೋಲೋ ಎಂದು ವಿಚಾರಿಸುವವರು ಕಡಿಮೆ. ಈ ಟಿಪ್ಪಣಿಯ ವಿಷಯ ಅದೇ.

ಕ್ಯಾಂಟ್ರಿಲ್ ಪ್ರಶ್ನೆ ಕೇಳುತ್ತಿದ್ದ ಕ್ರಮವನ್ನು ಮೊದಲು ನೋಡೋಣ. ಅವರ ವಿಧಾನದಲ್ಲಿ ಏಣಿ ಬರುವುದು ಕೊನೆಗೆ. ಮುಂದಿನ ಬದುಕಿನ ಬಗ್ಗೆ ನಿಮ್ಮ ಆಸೆಗಳೇನು, ಎಲ್ಲವೂ ನೀವಂದುಕೊಂಡಂತೆ ನಡೆದರೆ ಆ ಬದುಕು ಹೇಗಿರುತ್ತದೆ ಎಂದು ಮೊದಲು ಕೇಳಿ, ಉತ್ತರವನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳುತ್ತಿದ್ದರು. ಆಮೇಲೆ ಭಯಗಳೇನು, ತೀರಾ ಕೆಟ್ಟ ಬದುಕು ಎಂದರೆ ಯಾವುದು ಎಂಬ ಪ್ರಶ್ನೆ. ಇವೆರಡೂ ಮುಗಿದ ಬಳಿಕವೇ ಏಣಿಯ ಚಿತ್ರ ತೋರಿಸಿ, ತುದಿಯಲ್ಲಿರುವುದು ನೀವು ಈಗಷ್ಟೇ ಹೇಳಿದ ಒಳ್ಳೆಯ ಬದುಕು, ಬುಡದಲ್ಲಿರುವುದು ನೀವೇ ಹೇಳಿದ ಕೆಟ್ಟ ಬದುಕು, ಇವತ್ತು ನೀವು ಎಲ್ಲಿದ್ದೀರಿ, ಐದು ವರ್ಷದ ಹಿಂದೆ ಎಲ್ಲಿದ್ದಿರಿ, ಐದು ವರ್ಷದ ನಂತರ ಎಲ್ಲಿರುತ್ತೀರಿ ಎಂದು ಕೇಳುತ್ತಿದ್ದರು. ಏಣಿಯ ಎರಡೂ ತುದಿಗಳನ್ನು ನೆಡುವವರು ಉತ್ತರಿಸುವವರೇ. ಹೀಗಾಗಿ ಪ್ರತಿಯೊಂದು ಅಂಕದ ಜೊತೆಗೂ ಅದರ ಅಳತೆಗೋಲಿನ ವಿವರ ಕಡತದಲ್ಲಿ ಉಳಿಯುತ್ತಿತ್ತು.

ಗ್ಯಾಲಪ್ ಸಂಸ್ಥೆ 2005–06ರಿಂದ ನಡೆಸುತ್ತಿರುವ ವಿಶ್ವ ಸಮೀಕ್ಷೆಯಲ್ಲಿ ಏಣಿ ಉಳಿದಿದೆ, ಆಸೆ–ಭಯಗಳ ಮಾತುಕತೆ ಹೋಗಿದೆ. ತುದಿ ಎಂದರೆ ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು, ಬುಡ ಎಂದರೆ ಅತ್ಯಂತ ಕೆಟ್ಟ ಬದುಕು ಎಂದು ಒಂದೇ ವಾಕ್ಯದಲ್ಲಿ ಹೇಳಿ ಅಂಕ ಕೇಳುತ್ತಾರೆ. ಕಾರಣ ಊಹಿಸಲು ಕಷ್ಟವಿಲ್ಲ. ನೂರಕ್ಕೂ ಹೆಚ್ಚು ದೇಶಗಳಲ್ಲಿ, ಹತ್ತಾರು ಭಾಷೆಗಳಲ್ಲಿ ಬರುವ ಮಾತಿನ ಉತ್ತರಗಳನ್ನು ವರ್ಗೀಕರಿಸುವುದು ದುಬಾರಿ ಕೆಲಸ. ಆದರೆ ಉಳಿತಾಯವಾದದ್ದು ಹಣವಾದರೆ ಕಳೆದುಹೋದದ್ದು ಕ್ಯಾಂಟ್ರಿಲ್ ವಿಧಾನದ ಅರ್ಧಭಾಗ, ಅದೂ ಹೆಚ್ಚು ಮುಖ್ಯವಾದ ಅರ್ಧ. ಉಳಿದ ಅರ್ಧವೂ ತಟಸ್ಥವಲ್ಲ. ಆಗಸ್ಟ್ ನಿಲ್ಸನ್ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ, ಬ್ರಿಟನ್ನಿನ ಸುಮಾರು 1,600 ವಯಸ್ಕರ ಅಧ್ಯಯನದಲ್ಲಿ, ಏಣಿಯ ಚಿತ್ರ ಜನರನ್ನು ಹಣ ಮತ್ತು ಅಧಿಕಾರದ ಕಡೆಗೆ ಯೋಚಿಸುವಂತೆ ಮಾಡಿತು. ಏಣಿಯ ರೂಪಕವನ್ನು ತೆಗೆದಾಗ ಆ ಯೋಚನೆ ತಗ್ಗಿತು. ಬ್ರಿಟನ್ನಿನಲ್ಲೇ ಹೀಗಾದರೆ, ಯಾರು ಯಾವ ಮೆಟ್ಟಿಲಲ್ಲಿ ನಿಲ್ಲಬೇಕೆಂದು ಹುಟ್ಟಿನಿಂದಲೇ ತೀರ್ಮಾನಿಸಿ ಬಂದ ಸಮಾಜದಲ್ಲಿ ಏಣಿಯ ಚಿತ್ರ ಏನನ್ನು ಕೆದಕುತ್ತದೆ ಎಂಬುದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯ.

ಒಳಗಿನ ಅಳತೆಗೋಲು ಎಷ್ಟು ದೂರ ಸರಿಯಬಲ್ಲದು ಎಂಬುದಕ್ಕೆ ನಮ್ಮ ದೇಶದ್ದೇ ಮೂರು ಪುರಾವೆಗಳಿವೆ.

ಮೊದಲನೆಯದು ಬಂಗಾಳದ ಸಿಂಗೂರಿನದು. 1943ರ ಬರಗಾಲದ ಮರುವರ್ಷ, 1944ರಲ್ಲಿ, ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಅಲ್ಲಿ ಆರೋಗ್ಯ ಸಮೀಕ್ಷೆ ನಡೆಸಿತು. ಹೆಂಡತಿಯನ್ನು ಕಳೆದುಕೊಂಡ ಗಂಡಸರಲ್ಲಿ ಶೇ. 48.5 ಮಂದಿ ತಮಗೆ ಕಾಯಿಲೆಯಿದೆ ಅಥವಾ ಆರೋಗ್ಯ ಅಷ್ಟಕ್ಕಷ್ಟೇ ಎಂದರು. ವಿಧವೆಯರಲ್ಲಿ ಹಾಗೆಂದವರು ಶೇ. 2.5. ‘ಅಷ್ಟಕ್ಕಷ್ಟೇ’ ಎಂಬ ಉತ್ತರವನ್ನಷ್ಟೇ ತೆಗೆದುಕೊಂಡರೆ ಗಂಡಸರಲ್ಲಿ ಶೇ. 45.6, ವಿಧವೆಯರಲ್ಲಿ ಒಬ್ಬರೂ ಇಲ್ಲ. ಬರಗಾಲ ಮುಗಿದ ಬಂಗಾಳದಲ್ಲಿ ವಿಧವೆಯ ಮೈ ವಿಧುರನ ಮೈಗಿಂತ ಇಪ್ಪತ್ತು ಪಟ್ಟು ಗಟ್ಟಿಯಾಗಿತ್ತು ಎಂದು ಯಾರೂ ನಂಬಲಾರರು. ಈ ಅಂಕಿಗಳನ್ನು ಅಮರ್ತ್ಯ ಸೇನ್ ಪದೇ ಪದೇ ಉಲ್ಲೇಖಿಸಿದ್ದಾರೆ. ಅವರ ವಾದದ ತಿರುಳು ಇಷ್ಟು: ಕಾಯಿಲೆ ಇರುವುದು ಒಂದು, ‘ನನಗೆ ಕಾಯಿಲೆಯಿದೆ’ ಎಂದುಕೊಳ್ಳುವ ಹಕ್ಕು ತನಗಿದೆ ಅನ್ನಿಸುವುದು ಇನ್ನೊಂದು. ‘ಅಷ್ಟಕ್ಕಷ್ಟೇ’ ಎಂಬ ಉತ್ತರವೇ ಪೂರ್ತಿ ಮಾಯವಾಗಿರುವುದನ್ನು ಗಮನಿಸಬೇಕು. ಜ್ವರ ಬಂದು ಮಲಗಿದರೆ ಯಾರಾದರೂ ಹೇಳಲೇಬೇಕು. ಆದರೆ ಮೈಯಲ್ಲಿ ಚೈತನ್ಯವಿಲ್ಲ ಎಂದು ಹೇಳಿಕೊಳ್ಳಲು ಕೇಳಿಸಿಕೊಳ್ಳುವವರು ಬೇಕು.

ಎರಡನೆಯದು ಕೇರಳ ಮತ್ತು ಬಿಹಾರ. ಆಯಸ್ಸು, ಶಿಶುಮರಣ, ಸಾಕ್ಷರತೆ ಎಲ್ಲದರಲ್ಲೂ ಕೇರಳ ಮುಂದು. ಆದರೆ ಮನೆಬಾಗಿಲಿಗೆ ಹೋಗಿ ಇತ್ತೀಚೆಗೆ ಕಾಯಿಲೆ ಬಿದ್ದಿದ್ದಿರಾ ಎಂದು ಕೇಳಿದರೆ ಹೌದೆನ್ನುವವರು ಅಲ್ಲೇ ಹೆಚ್ಚು, ಬಿಹಾರದಲ್ಲಿ ಬಹಳ ಕಡಿಮೆ. ಇದೇ ಲೆಕ್ಕವನ್ನು ಅಮೆರಿಕಕ್ಕೆ ವಿಸ್ತರಿಸಿದರೆ ಅಲ್ಲಿನವರು ಕೇರಳದವರನ್ನೂ ಮೀರಿಸುತ್ತಾರೆ ಎಂದು ಸೇನ್ 2002ರ ಲೇಖನವೊಂದರಲ್ಲಿ ತೋರಿಸಿದರು. ಓದು, ಆಸ್ಪತ್ರೆ, ವೈದ್ಯರ ಒಡನಾಟ ಹೆಚ್ಚಿದಷ್ಟೂ ದೇಹದ ಸಣ್ಣ ಏರುಪೇರು ಕೂಡ ಹೇಳಬೇಕಾದ ಸಂಗತಿಯಾಗುತ್ತದೆ. ಬರೀ ಹೇಳಿಕೆಯನ್ನು ನಂಬಿ ಆರೋಗ್ಯ ಇಲಾಖೆಯ ಹಣ ಹಂಚಿದರೆ ಬಿಹಾರದ ಪಾಲನ್ನು ಕಿತ್ತು ಕೇರಳಕ್ಕೆ ಕೊಡಬೇಕಾಗುತ್ತದೆ.

ಮೂರನೆಯದು ರಾಜಸ್ಥಾನದ ಉದಯಪುರ ಜಿಲ್ಲೆ. ಈ ಶತಮಾನದ ಆರಂಭದಲ್ಲಿ ಅಭಿಜಿತ್ ಬ್ಯಾನರ್ಜಿ, ಆಂಗಸ್ ಡೀಟನ್ ಮತ್ತು ಎಸ್ತರ್ ಡುಫ್ಲೊ ಅಲ್ಲಿನ 100 ಜನವಸತಿಗಳಲ್ಲಿ ಅಧ್ಯಯನ ನಡೆಸಿದರು. ವಯಸ್ಕ ಗಂಡಸರ ಸರಾಸರಿ ಬಿಎಂಐ 17.8, ಹೆಂಗಸರದು 18.1, 18.5ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ ಎಂಬುದು ಸಾಮಾನ್ಯ ಲೆಕ್ಕ. ಇಡೀ ಸಮುದಾಯದ ಸರಾಸರಿಯೇ ಆ ಗೆರೆಯ ಕೆಳಗಿತ್ತು. ರಕ್ತಹೀನತೆ ವ್ಯಾಪಕವಾಗಿತ್ತು. ಹಾಗಿದ್ದೂ ಆರೋಗ್ಯದ ಹತ್ತು ಮೆಟ್ಟಿಲ ಏಣಿಯಲ್ಲಿ ಹೆಚ್ಚಿನವರು ತಮ್ಮನ್ನು ಐದರಿಂದ ಎಂಟರ ನಡುವೆ ಇಟ್ಟುಕೊಂಡರು. ಕೆಳಗಿನ ಎರಡು ಮೆಟ್ಟಿಲು ಆರಿಸಿದವರು ಬಹಳ ಕಡಿಮೆ. ಅಕ್ಕಪಕ್ಕದವರೆಲ್ಲ ತೆಳ್ಳಗಿರುವ ಕಡೆ ತೆಳ್ಳಗಿರುವುದು ಕಾಯಿಲೆ ಅನ್ನಿಸುವುದಿಲ್ಲ.

ಈ ಪುರಾವೆಗಳಿಂದ ಅವಸರದ ತೀರ್ಮಾನಕ್ಕೂ ಬರಬಹುದು: ಬಡವರ ಹೇಳಿಕೆಗೆ ಬೆಲೆಯಿಲ್ಲ, ತಜ್ಞರು ತೂಕ ಹಾಕಿ ರಕ್ತ ಪರೀಕ್ಷಿಸಿ ಹೇಳಿದ್ದೇ ನಿಜ. ಇದನ್ನು ನಾನು ಒಪ್ಪುವುದಿಲ್ಲ. ಕೋಲ್ಕತ್ತದ ಕೊಳೆಗೇರಿ ನಿವಾಸಿಗಳು, ಲೈಂಗಿಕ ಕಾರ್ಯಕರ್ತೆಯರು ಮತ್ತು ಪಾದಚಾರಿ ಮಾರ್ಗದ ಮೇಲೆ ಬದುಕುವವರು ಸೇರಿ 83 ಮಂದಿಯನ್ನು ರಾಬರ್ಟ್ ಬಿಸ್ವಾಸ್-ಡೀನರ್ ಮತ್ತು ಎಡ್ ಡೀನರ್ ಮಾತಾಡಿಸಿ 2001ರಲ್ಲಿ ವರದಿ ಮಾಡಿದರು. ಮೂರು ಅಂಕಗಳ ಮಾಪಕದಲ್ಲಿ 2 ಎಂದರೆ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಒಟ್ಟು ಬದುಕಿಗೆ ಇವರ ಸರಾಸರಿ 1.93, ಹೋಲಿಕೆಗೆ ತೆಗೆದುಕೊಂಡ ಮಧ್ಯಮವರ್ಗದ ವಿದ್ಯಾರ್ಥಿಗಳದು 2.43. ಅಂದರೆ ಅತೃಪ್ತಿ ಇದೆ, ಅದನ್ನು ಹೇಳಲೂ ಬರುತ್ತದೆ. ಆದರೆ ಸ್ನೇಹ, ಕುಟುಂಬ, ತಮ್ಮ ನೈತಿಕತೆ ಎಂದು ಬಿಡಿಬಿಡಿಯಾಗಿ ಕೇಳಿದಾಗ ತೃಪ್ತಿಯ ಕಡೆಗೇ ವಾಲಿದರು. ಇದನ್ನು ಮಂಕುತನ ಎಂದು ತಳ್ಳಿಹಾಕುವುದು ಅವರ ಸಂಬಂಧಗಳನ್ನೇ ಸುಳ್ಳೆಂದಂತೆ. ಮಾದರಿ ಬಹಳ ಚಿಕ್ಕದು, ನಿಜ. ಆದರೂ ಒಟ್ಟಾರೆ ಪ್ರಶ್ನೆಗೂ ಬಿಡಿ ಪ್ರಶ್ನೆಗೂ ಬರುವ ಉತ್ತರದ ಅಂತರ ಇಷ್ಟು ಸ್ಪಷ್ಟವಾಗಿ ಕಾಣುವ ಅಧ್ಯಯನಗಳು ಕಡಿಮೆ.

ನನ್ನ ನಿಲುವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಹೊರಗಿನ ಅಳತೆಯೂ ಜನರ ಹೇಳಿಕೆಯೂ ಬೇರೆಬೇರೆ ದಿಕ್ಕಿಗೆ ಹೋದಾಗ ಎರಡರ ಸರಾಸರಿ ತೆಗೆದು ಒಂದು ಸೂಚ್ಯಂಕ ಕಟ್ಟುವುದು ದತ್ತಾಂಶವನ್ನು ಹಾಳುಮಾಡಿದಂತೆ. ಆ ಅಂತರವೇ ಅಧ್ಯಯನದ ಫಲ. ಸಿಂಗೂರಿನ ಶೇ. 2.5ರಲ್ಲಿ ವಿಧವೆಯರ ಆರೋಗ್ಯ ಸಿಗುವುದಿಲ್ಲ, ಅವರ ಸ್ಥಾನಮಾನ ಸಿಗುತ್ತದೆ.

ಹಾಗಾದರೆ ಒಳಗಿನ ಅಳತೆಗೋಲನ್ನೇ ಅಳೆಯಲು ಬಂದೀತೆ? ಸ್ವಲ್ಪಮಟ್ಟಿಗೆ ಬರುತ್ತದೆ. ಗ್ಯಾರಿ ಕಿಂಗ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ವಿವರಿಸಿದ ವಿಧಾನದಲ್ಲಿ, ಉತ್ತರಿಸುವವರಿಗೆಲ್ಲ ಕಾಲ್ಪನಿಕ ವ್ಯಕ್ತಿಗಳ ಒಂದೇ ಬಗೆಯ ಕಿರುಚಿತ್ರಣಗಳನ್ನು ಓದಿ ಹೇಳಿ, ಆ ವ್ಯಕ್ತಿಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುತ್ತಾರೆ. ವ್ಯಕ್ತಿ ಒಬ್ಬನೇ ಆದ್ದರಿಂದ ಅಂಕದಲ್ಲಿ ಕಾಣುವ ವ್ಯತ್ಯಾಸ ಅಳತೆಗೋಲಿನದು. ಅವರ ಪ್ರಸಿದ್ಧ ಉದಾಹರಣೆ ಮೆಕ್ಸಿಕೊ ಮತ್ತು ಚೀನಾದ್ದು. ಸರ್ಕಾರದ ಮೇಲೆ ನಿಮ್ಮ ಮಾತು ಎಷ್ಟು ನಡೆಯುತ್ತದೆ ಎಂದು ನೇರವಾಗಿ ಕೇಳಿದಾಗ ‘ಏನೂ ನಡೆಯುವುದಿಲ್ಲ’ ಎಂದವರಲ್ಲಿ ಮೆಕ್ಸಿಕೊದವರೇ ಹೆಚ್ಚು. 2000ದ ಚುನಾವಣೆಯಲ್ಲಿ ದಶಕಗಳ ಆಳುವ ಪಕ್ಷವನ್ನೇ ಕೆಳಗಿಳಿಸಿದ ದೇಶ ಅದು! ಕಿರುಚಿತ್ರಣಗಳ ಮೂಲಕ ತಿದ್ದಿದಾಗ ಫಲಿತಾಂಶ ತಲೆಕೆಳಗಾಯಿತು. ತೊಂದರೆಯನ್ನು ಮೌನವಾಗಿ ಅನುಭವಿಸುವ ಕಾಲ್ಪನಿಕ ವ್ಯಕ್ತಿಗಿಂತಲೂ ತಮಗೆ ಕಡಿಮೆ ಮಾತಿದೆ ಎಂದು ಸೂಚಿಸಿದವರು ಚೀನಾದ ಮಾದರಿಯಲ್ಲಿ ಶೇ. 40ರಷ್ಟಿದ್ದರು.

ಈ ವಿಧಾನ ಕರ್ನಾಟಕಕ್ಕೆ ಹೊಸದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವಯೋವೃದ್ಧಿ ಮತ್ತು ವಯಸ್ಕರ ಆರೋಗ್ಯ ಅಧ್ಯಯನ ‘ಸೇಜ್’ಗೆ ಭಾರತದಿಂದ ಆರಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಕಿರುಚಿತ್ರಣಗಳ ಜೊತೆಗೆ, ನಿನ್ನೆಯ ದಿನವನ್ನು ಕೆಲಸ ಕೆಲಸವಾಗಿ ನೆನಪಿಸಿಕೊಂಡು ಆಗಿನ ಭಾವನೆ ಹೇಳುವ ಪ್ರಶ್ನೆಗಳೂ ಅದರಲ್ಲಿದ್ದವು. ಭಾರತೀಯ ವಯೋವೃದ್ಧಿ ಅಧ್ಯಯನ ‘ಲಾಸಿ’ಯ 2010ರ ಪ್ರಾಯೋಗಿಕ ಹಂತ ನಡೆದ ನಾಲ್ಕು ರಾಜ್ಯಗಳಲ್ಲೂ ಕರ್ನಾಟಕವಿತ್ತು. ಆದರೂ ನಮ್ಮಲ್ಲಿ ಸಾರ್ವಜನಿಕ ಚರ್ಚೆಗೆ ಬರುವುದು ಗ್ಯಾಲಪ್‌ನ ಒಂದಂಕಿಯೇ.

ಕಿರುಚಿತ್ರಣಗಳೂ ದೋಷಮುಕ್ತವಲ್ಲ. ಎಲ್ಲರೂ ಆ ವಿವರವನ್ನು ಒಂದೇ ರೀತಿ ಅರ್ಥಮಾಡಿಕೊಂಡರು ಎಂಬುದೊಂದು ಊಹೆ; ಕಾಲ್ಪನಿಕ ವ್ಯಕ್ತಿಗೆ ಬಳಸಿದ ಗೋಲನ್ನೇ ತಮಗೂ ಬಳಸಿಕೊಂಡರು ಎಂಬುದು ಇನ್ನೊಂದು. ಎರಡನೆಯದು ನಮ್ಮಲ್ಲಿ ಹೆಚ್ಚು ಅನುಮಾನಾಸ್ಪದ. ಪರರ ಕಷ್ಟಕ್ಕೆ ಅಯ್ಯೋ ಎನ್ನುವ ನಾಲಿಗೆಯೇ ತನ್ನ ಕಷ್ಟಕ್ಕೆ ‘ಇರಲಿ ಬಿಡಿ’ ಎನ್ನುತ್ತದೆ. ಮನೆಯಂಗಳದಲ್ಲಿ ಪ್ರಶ್ನಾವಳಿ ಹಿಡಿದು ಕೂತವರಿಗೆ ಇದು ಗೊತ್ತಿರುವ ಮಾತು. ಹೇಗಿದ್ದೀರಿ ಎಂದರೆ ‘ದೇವರು ಇಟ್ಟಂಗ ಅದೀವ್ರಿ’ ಎಂಬ ಉತ್ತರಕ್ಕೆ ಎಷ್ಟು ಅಂಕ? ತುಂಬ ಚೆನ್ನಾಗಿದ್ದೇವೆ ಎಂದರೆ ದೃಷ್ಟಿಯಾದೀತು ಎಂಬ ಅಳುಕು ಒಂದು ಕಡೆ, ಕಷ್ಟ ಹೇಳಿಕೊಂಡರೆ ಯಾವುದಾದರೂ ಯೋಜನೆಯ ಪಟ್ಟಿಗೆ ಹೆಸರು ಸೇರೀತು ಎಂಬ ಆಸೆ ಇನ್ನೊಂದು ಕಡೆ. ಪಕ್ಕದಲ್ಲಿ ಅತ್ತೆ ಕೂತಿದ್ದರೆ ಸೊಸೆಯ ಉತ್ತರದ ಕಥೆಯೇ ಬೇರೆ.

ಪ್ರಶ್ನಾವಳಿಯನ್ನು ಸ್ಥಳೀಯವಾಗಿ ಕಟ್ಟುವುದರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬದುಕಿನ ಗುಣಮಟ್ಟದ ಮಾಪಕ ಹೆಚ್ಚು ಶ್ರಮ ವಹಿಸಿತು. 1991ರಲ್ಲಿ ಶುರುವಾದ ಆ ಯೋಜನೆಯ ಮೊದಲ ಹದಿನೈದು ಕೇಂದ್ರಗಳಲ್ಲಿ ದೆಹಲಿ ಮತ್ತು ಅಂದಿನ ಮದ್ರಾಸ್ ಎರಡೂ ಇದ್ದವು. ಉತ್ತರದ ಪದಗಳನ್ನು ಅವರು ನಿಘಂಟಿನಿಂದ ಆರಿಸಲಿಲ್ಲ. ಹತ್ತು ಸೆಂಟಿಮೀಟರಿನ ಗೆರೆ ಎಳೆದು, ಒಂದು ತುದಿಗೆ ‘ಇಲ್ಲವೇ ಇಲ್ಲ’ ಎಂಬ ಅರ್ಥದ ಮಾತು, ಇನ್ನೊಂದಕ್ಕೆ ಅದರ ಪೂರ್ಣ ವಿರುದ್ಧದ ಮಾತು ಇಟ್ಟು, ನಡುವಿನ ಪದಗಳನ್ನು ಆ ಗೆರೆಯ ಮೇಲೆ ಎಲ್ಲಿಡುತ್ತೀರಿ ಎಂದು ಆಯಾ ಭಾಷೆಯ ಸಾಮಾನ್ಯ ಜನರನ್ನೇ ಕೇಳಿದರು. ಕಾಲು, ಅರ್ಧ, ಮುಕ್ಕಾಲು ಭಾಗಕ್ಕೆ ಹತ್ತಿರ ಬಿದ್ದ ಪದಗಳು ಮಾಪಕಕ್ಕೆ ಸೇರಿದವು. ಇದರ 26 ಪ್ರಶ್ನೆಗಳ ಕಿರು ಆವೃತ್ತಿ ಕನ್ನಡದಲ್ಲೂ ಇದೆ. ಅದರಲ್ಲಿ ಒಂದು ತೊಡಕು ಮಾತ್ರ ಗಮನಾರ್ಹ. ಸಾಮಾಜಿಕ ಸಂಬಂಧಗಳ ವಿಭಾಗದಲ್ಲಿರುವುದು ಮೂರೇ ಪ್ರಶ್ನೆ, ಅದರಲ್ಲೊಂದು ಲೈಂಗಿಕ ಬದುಕಿನ ತೃಪ್ತಿಯ ಬಗ್ಗೆ. ಅವಿವಾಹಿತರು, ವಿಧವೆಯರು, ಹಿರಿಯರು ಅದನ್ನು ಖಾಲಿ ಬಿಡುವುದು ನಮ್ಮಲ್ಲಿ ಅಪರೂಪವೇನಲ್ಲ. ಒಂದು ಖಾಲಿ ಇದ್ದರೆ ಉಳಿದೆರಡರಿಂದ ಲೆಕ್ಕ ಹಾಕಲು ನಿಯಮ ಅನುಮತಿಸುತ್ತದೆ. ಆಗ ವಿಧವೆಯ ಸಾಮಾಜಿಕ ಅಂಕವೂ ಗೃಹಿಣಿಯ ಸಾಮಾಜಿಕ ಅಂಕವೂ ಬೇರೆ ಬೇರೆ ವಸ್ತುಗಳು, ಕೋಷ್ಟಕದಲ್ಲಿ ಮಾತ್ರ ಅಕ್ಕಪಕ್ಕ.

ಪ್ರಶ್ನೆಗಳ ಕ್ರಮದ ಬಗ್ಗೆ ಎರಡೇ ಮಾತು. ಕಾಲೇಜು ವಿದ್ಯಾರ್ಥಿಗಳಿಗೆ ಪ್ರೇಮಜೀವನದ ಪ್ರಶ್ನೆಯನ್ನು ಮೊದಲು ಕೇಳಿದರೆ ಅದಕ್ಕೂ ಒಟ್ಟು ತೃಪ್ತಿಗೂ ಸಹಸಂಬಂಧ 0.66, ಆಮೇಲೆ ಕೇಳಿದರೆ −0.12 ಎಂಬ 1988ರ ಫಲಿತಾಂಶ ಪಠ್ಯಪುಸ್ತಕಗಳಲ್ಲಿ ಮೆರೆಯಿತು. ಆಮೇಲಿನ ವ್ಯಾಪಕ ವಿಶ್ಲೇಷಣೆಗಳಲ್ಲಿ ಇಂಥ ಪರಿಣಾಮ ಸಾಮಾನ್ಯವಾಗಿ ಚಿಕ್ಕದೆಂದೇ ಕಂಡಿದೆ. ಬಿಸಿಲು–ಮಳೆ ಉತ್ತರವನ್ನು ಬದಲಿಸುತ್ತದೆ ಎಂಬ ನಂಬಿಕೆಯೂ ಹತ್ತು ಲಕ್ಷಕ್ಕೂ ಹೆಚ್ಚು ಅಮೆರಿಕನ್ನರ ದತ್ತಾಂಶದ ಮುಂದೆ ನಿಲ್ಲಲಿಲ್ಲ. ಹಾಗೆಂದು ಪೂರ್ತಿ ಅಲಕ್ಷಿಸುವಂತಿಲ್ಲ: ರಾಜಕೀಯದ ಪ್ರಶ್ನೆಗಳ ಬೆನ್ನಿಗೇ ಏಣಿಯ ಪ್ರಶ್ನೆ ಬಂದಾಗ ಅಮೆರಿಕನ್ನರ ಅಂಕ ಅರ್ಧಕ್ಕೂ ಹೆಚ್ಚು ಮೆಟ್ಟಿಲು ಇಳಿಯುತ್ತಿತ್ತೆಂದು ಡೀಟನ್ ತೋರಿಸಿದ್ದಾರೆ. ಭಾರತದ ಅರವತ್ತು ವರ್ಷಗಳ ‘ಪ್ರಗತಿ’ ಮುಕ್ಕಾಲು ಮೆಟ್ಟಿಲಿಗೂ ಕಡಿಮೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಹೊರಗಿನ ಅಳತೆಗಳಿಗೂ ಅವುಗಳದೇ ಕಾಯಿಲೆಯಿದೆ: ತೂಕಾಂಶ. ಕೇಂದ್ರದ ನಗರ ವ್ಯವಹಾರಗಳ ಸಚಿವಾಲಯ 2021ರ ಮಾರ್ಚ್‌ನಲ್ಲಿ ಪ್ರಕಟಿಸಿದ ಸುಲಭ ಜೀವನ ಸೂಚ್ಯಂಕದಲ್ಲಿ ಹತ್ತು ಲಕ್ಷ ಮೀರಿದ ನಗರಗಳ ಪೈಕಿ ಬೆಂಗಳೂರು ಮೊದಲು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ಈ ಸುದ್ದಿ ಓದಿದವರಿಗೆ ಏನನ್ನಿಸಿತೋ! ಬೆಂಗಳೂರಿಗೆ 66.70, ಎರಡನೆಯ ಪುಣೆಗೆ 66.27. ಸೂಚ್ಯಂಕದ ನಾಲ್ಕು ಕಂಬಗಳಲ್ಲಿ ಒಂದಾದ, ಶೇ. 15 ತೂಕದ ಆರ್ಥಿಕ ಸಾಮರ್ಥ್ಯದಲ್ಲಿ ಬೆಂಗಳೂರಿಗೆ 78.82 ಬಂದರೆ ಪುಣೆಗೆ 48.84. ಈ ಒಂದು ಕಂಬದಿಂದಲೇ ನಾಲ್ಕೂವರೆ ಅಂಕದ ಲಾಭ. ಉಳಿದ ಮೂರು ಕಂಬಗಳನ್ನು ಒಟ್ಟು ತೆಗೆದುಕೊಂಡರೆ ಪುಣೆಯೇ ಮುಂದು. ಆರ್ಥಿಕ ತೂಕವನ್ನು 15ರಿಂದ 13ಕ್ಕೆ ಇಳಿಸಿ ವ್ಯತ್ಯಾಸವನ್ನು ಉಳಿದವಕ್ಕೆ ಅದೇ ಅನುಪಾತದಲ್ಲಿ ಹಂಚಿದರೆ ಮೊದಲ ಸ್ಥಾನ ಕೈಬದಲಾಗುತ್ತದೆ. ಯಾರ ಬದುಕೂ ಬದಲಾಗದೆ ಪಟ್ಟಿ ಬದಲಾಗುವ ಬಗೆ ಇದು.

ಕರ್ನಾಟಕದ ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಇದಕ್ಕಿಂತ ಎಚ್ಚರದ ಕೆಲಸ. 35 ಸೂಚಕಗಳಿಂದ 175 ತಾಲ್ಲೂಕುಗಳನ್ನು ಅಳೆದು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, 114 ತಾಲ್ಲೂಕು ಹಿಂದುಳಿದಿವೆ ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗಾ ವಿಭಾಗದವು. ರಸ್ತೆ, ಬ್ಯಾಂಕು, ಶಾಲೆ, ನೀರಾವರಿ ಎಲ್ಲ ಲೆಕ್ಕಕ್ಕೆ ಬಂದವು. ಅಲ್ಲಿನವರು ತಮ್ಮ ಬದುಕಿನ ಬಗ್ಗೆ ಏನನ್ನುತ್ತಾರೆ ಎಂಬುದು ಸಮಿತಿಗೆ ವಹಿಸಿದ ಕೆಲಸವಾಗಿರಲಿಲ್ಲ, ಹಾಗಾಗಿ ಬರಲಿಲ್ಲ. ಅದೇ ತಾಲ್ಲೂಕುಗಳಲ್ಲಿ ಆ ಇನ್ನೊಂದು ಅರ್ಧವನ್ನು ತುಂಬುವ ಅಧ್ಯಯನ ಸಾಧ್ಯ. ಸೂಚ್ಯಂಕ ಕೆಳಗಿದ್ದೂ ಹೇಳಿಕೆ ಮೇಲಿರುವ ತಾಲ್ಲೂಕು ಸಿಕ್ಕರೆ ಅಲ್ಲಿ ಹುಡುಕಬೇಕಾದ್ದು ಬಹಳವಿದೆ: ಅದು ಬಿಹಾರದ ಬಗೆಯ ಮೌನವೋ, ಕೋಲ್ಕತ್ತದ ಬಗೆಯ ಸಂಬಂಧಬಲವೋ ಎಂಬುದು ಒಂದಂಕಿಯಿಂದ ತಿಳಿಯುವುದಿಲ್ಲ.

ಅಂಥ ಅಧ್ಯಯನಕ್ಕೆ ಕ್ಯಾಂಟ್ರಿಲ್‌ರ ಆಸೆ–ಭಯದ ಪ್ರಶ್ನೆಗಳನ್ನು ಮರಳಿ ತರಬೇಕು. ಉತ್ತರಗಳನ್ನು ಆಡಿದ ನುಡಿಯಲ್ಲೇ ದಾಖಲಿಸಬೇಕು. ಹೆಂಗಸರನ್ನು ಹೆಂಗಸರೇ, ಒಬ್ಬೊಬ್ಬರನ್ನಾಗಿ ಮಾತಾಡಿಸಬೇಕು. ಕಿರುಚಿತ್ರಣಗಳು ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯಿಂದಲೇ ಬರಬೇಕಿಲ್ಲ. ಉದಾಹರಣೆಗೆ, ಯಾದಗಿರಿ ಕಡೆಗೆ ಹೀಗೊಂದನ್ನು ಬರೆಯಬಹುದು: ನಿಂಗವ್ವನಿಗೆ ಎರಡು ಎಕರೆ ಒಣಭೂಮಿಯಿದೆ, ತೊಗರಿ ಬಿತ್ತುತ್ತಾಳೆ. ಮಗ–ಸೊಸೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ, ಮೊಮ್ಮಗಳು ಇವಳ ಹತ್ತಿರವೇ ಶಾಲೆಗೆ ಹೋಗುತ್ತಾಳೆ. ಮೊಣಕಾಲು ನೋವಿದೆ, ಆದರೆ ಹೊಲಕ್ಕೆ ಹೋಗುವುದು ಬಿಟ್ಟಿಲ್ಲ. ನಿಂಗವ್ವನ ಬದುಕು ಎಷ್ಟನೆಯ ಮೆಟ್ಟಿಲಲ್ಲಿದೆ? ಭೂಮಿ, ಮಗ, ಮೊಣಕಾಲು ಇವುಗಳಲ್ಲಿ ಒಂದೊಂದನ್ನೇ ಬದಲಿಸಿದ ಮೂರು ನಾಲ್ಕು ರೂಪಗಳು ಬೇಕಾಗುತ್ತವೆ. ಕಿರುಚಿತ್ರಣ ಮೊದಲು, ಸ್ವಂತ ಅಂಕ ಆಮೇಲೆ ಎಂಬ ಕ್ರಮವೇ ಉತ್ತಮವೆಂದು ಡೇನಿಯಲ್ ಹಾಪ್ಕಿನ್ಸ್ ಮತ್ತು ಕಿಂಗ್ 2010ರಲ್ಲಿ ವಾದಿಸಿದ್ದಾರೆ, ಅಳತೆಗೋಲು ಮನಸ್ಸಿನಲ್ಲಿ ನಿಂತ ಮೇಲೆ ಅಂಕ ಬರುತ್ತದೆ ಎಂಬ ಕಾರಣಕ್ಕೆ. ನಮ್ಮಲ್ಲಿ ಇದನ್ನು ಹಾಗೆಯೇ ಒಪ್ಪುವ ಬದಲು ಅರ್ಧ ಮಾದರಿಗೆ ಮೊದಲು, ಅರ್ಧಕ್ಕೆ ಆಮೇಲೆ ಕೇಳಿ, ಎರಡರ ವ್ಯತ್ಯಾಸವನ್ನೂ ಪ್ರಕಟಿಸಬೇಕು.